‘ಆಕರ’ ಪದದ ಎರಡು ಅರ್ಥಗಳು: ಚಂದ್ರನ ಗಾಜಿನ ಕಣಗಳನ್ನು ಕುರಿತು

‘ಆಕರ’ವೆಂದರೆ ಗಣಿ, ಇತಿಹಾಸಕಾರನು ಆಧಾರವಾಗಿ ಬಳಸುವ ಶಾಸನ, ಕಡತಗಳೂ ಆಕರಗಳೇ. ಚಂದ್ರನ ಜ್ವಾಲಾಮುಖಿಗಳು ಉಗುಳಿದ ಗಾಜಿನ ಕಣಗಳನ್ನು ಕುರಿತ ಚರ್ಚೆ ಈಚೆಗೆ ಮೊದಲನೆಯ ಅರ್ಥದ ಕಡೆಗೇ ವಾಲುತ್ತಿದೆ. ಈ ಒಲವು ವಿಮರ್ಶೆಗೆ ಅರ್ಹವಾದುದು.

1972ರ ಡಿಸೆಂಬರಿನಲ್ಲಿ ಅಪೊಲೊ 17ರ ಭೂವಿಜ್ಞಾನಿ ಹ್ಯಾರಿಸನ್ ಸ್ಮಿಟ್ ಅವರು ಷಾರ್ಟಿ ಎಂಬ ಕುಳಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಮಣ್ಣನ್ನು ಕಂಡರು. ಸುಮಾರು 350 ಕೋಟಿ ವರ್ಷಗಳ ಹಿಂದೆ ಚಿಮ್ಮಿದ ಶಿಲಾರಸವು ಹನಿಹನಿಯಾಗಿ ತಣಿದು ಆದ ಗಾಜು ಅದು. ಚಂದ್ರನ ಒಡಲು ನಿರ್ಜಲವೆಂಬ ನಂಬಿಕೆಯನ್ನು ಅಲುಗಿಸಿದವು ಇಂತಹ ಕಣಗಳೇ. 2008ರಲ್ಲಿ ಅವುಗಳಲ್ಲಿ ನೀರಿನ ಅಂಶ ಕಂಡುಬಂದಿತು. ನಮ್ಮ ಚಂದ್ರಯಾನ-1 ಹೊತ್ತೊಯ್ದಿದ್ದ ಅಮೆರಿಕದ ಉಪಕರಣವು ಕಳುಹಿಸಿದ ಮಾಹಿತಿಯನ್ನು ಆಧರಿಸಿ, ಈ ಬಗೆಯ ನಿಕ್ಷೇಪಗಳು ಹಲವೆಡೆ ಜಲಾಂಶವುಳ್ಳವೆಂದು 2017ರಲ್ಲಿ ಪ್ರಕಟವಾಯಿತು.

ಸಂಪನ್ಮೂಲವಾದಿಗಳ ಲೆಕ್ಕವೂ ನಿರಾಧಾರವಲ್ಲ. ಕಬ್ಬಿಣದ ಅಂಶವುಳ್ಳ ಗಾಜನ್ನು ಸುಮಾರು 1050 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜಲಜನಕದೊಡನೆ ಕಾಯಿಸಿದರೆ ನೀರು ಹುಟ್ಟುತ್ತದೆ. ಅದನ್ನು ವಿದ್ಯುತ್ತಿನಿಂದ ವಿಭಜಿಸಿದರೆ ಆಮ್ಲಜನಕ ದೊರೆಯುತ್ತದೆ. ಪ್ರಯೋಗಾಲಯದಲ್ಲಿ ದೊರೆತ ಪ್ರಮಾಣ ಗಾಜಿನ ತೂಕದ ಶೇ. 4ಕ್ಕಿಂತ ತುಸು ಹೆಚ್ಚು. ಆದರೆ ನಿಕ್ಷೇಪಗಳಲ್ಲಿ ಮೊದಲೇ ಇರುವ ನೀರಿನ ಮಾತು ಬೇರೆ: ಅದು ಟನ್ನಿಗೆ ಕೆಲವು ನೂರು ಗ್ರಾಂಗಳ ಮಟ್ಟದ್ದು. ಈ ಎರಡು ಲೆಕ್ಕಗಳನ್ನು ಬೆರೆಸಿ ಹೇಳುವುದು ಓದುಗರಲ್ಲಿ ಭ್ರಾಂತಿಯನ್ನುಂಟುಮಾಡುತ್ತದೆ. ಮೇಲಾಗಿ, ಕುಲುಮೆಗೆ ಬಿದ್ದ ಕಣವು ತನ್ನ ಮೈಮೇಲಿನ ಗಂಧಕ, ಸತುವುಗಳ ಲೇಪವನ್ನೂ ಒಳಗಿನ ಜಲಸಾಕ್ಷ್ಯವನ್ನೂ ಕಳೆದುಕೊಳ್ಳುತ್ತದೆ. ಓದದ ತಾಮ್ರಶಾಸನವನ್ನು ಕರಗಿಸಿದಂತೆಯೇ ಸರಿ.

ನೆಲವನ್ನು ಅರಿಯುವ ಮೊದಲೇ ಅದರ ಉತ್ಪತ್ತಿಗೆ ಲೆಕ್ಕ ಕಟ್ಟಿದ ನಿದರ್ಶನವು ಪುತ್ತೂರು, ಸುಳ್ಯ, ಕಡಬಗಳ ವಿದ್ಯಾರ್ಥಿಗಳಿಗೆ ದೂರದ್ದಲ್ಲ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿ ಸರಕಾರವು ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿತು. 1837ರ ಬಂಡಾಯಕ್ಕೆ ಅದೂ ಒಂದು ಕಾರಣವಾಯಿತು. ಚಂದ್ರನಲ್ಲಿ ಆಕ್ಷೇಪಿಸುವ ರೈತನಿಲ್ಲ. ಆದುದರಿಂದಲೇ ಅಲ್ಲಿ ನಿಯಮವು ಮೊದಲು ಬೇಕು.

2023ರ ಜೂನಿನಲ್ಲಿ ಭಾರತವು ಸಹಿ ಹಾಕಿದ ಆರ್ಟೆಮಿಸ್ ಒಡಂಬಡಿಕೆಯು ಸಂಪನ್ಮೂಲಗಳನ್ನು ತೆಗೆಯಲು ಎಡೆಗೊಟ್ಟಿದೆ. ಪರಂಪರೆಯೆಂದು ಅದು ರಕ್ಷಿಸಹೇಳುವುದು ಮನುಷ್ಯರೂ ಯಂತ್ರಗಳೂ ಇಳಿದ ತಾಣಗಳನ್ನು; ಪ್ರಕೃತಿಯ ಸ್ತರಗಳನ್ನಲ್ಲ. ಈ ಕೊರತೆಯನ್ನು ತುಂಬುವುದು ಅವಶ್ಯಕ. ಯಾವ ನಿಕ್ಷೇಪವನ್ನಾಗಲಿ ಅಗೆಯುವ ಮುನ್ನ ಅದರ ಸ್ತರಗಳ ಮಾದರಿಗಳನ್ನು ಕ್ರಮವಾಗಿ ತೆಗೆದಿರಿಸಬೇಕು. ಒಂದು ಭಾಗವನ್ನು ಮುಂದಿನವರ ಅಧ್ಯಯನಕ್ಕೆಂದು ಮುಟ್ಟದೆ ಬಿಡಬೇಕು.