ಬರಿಗಾಲ ಗೆನ್‌ನ ಸಿಟ್ಟು

ನಮ್ಮ ಮನೆಗಳ ಮಕ್ಕಳಿಗೆ ಜಪಾನ್ ಎಂದರೆ ಡೋರೆಮಾನ್ ಮತ್ತು ಪೋಕೆಮಾನ್. ಟಿವಿಯ ಮುಂದಿನಿಂದ ಅವರನ್ನು ಎಬ್ಬಿಸಲು ಗದರುವ ದೊಡ್ಡವರಿಗೂ ಅಷ್ಟೇ; ಜಪಾನಿನ ಚಿತ್ರಕಥೆ ಎಂದರೆ ಅಗಲ ಕಣ್ಣಿನ ಹುಡುಗರು, ಹೊಡೆದಾಟ, ಮಾಯಾಮಂತ್ರ. ಈ ತಾತ್ಸಾರ ನಮ್ಮಲ್ಲೂ ಇತ್ತು. ಅದನ್ನು ಕಳೆದದ್ದು ಕೇಜಿ ನಕಜಾವಾ ಬರೆದು ಚಿತ್ರಿಸಿದ ‘ಹದಾಶಿ ನೊ ಗೆನ್’, ಅಂದರೆ ‘ಬರಿಗಾಲ ಗೆನ್’.

1945ರ ಆಗಸ್ಟ್ 6ರ ಬೆಳಗ್ಗೆ ನಕಜಾವಾ ಹಿರೋಶಿಮಾದಲ್ಲಿ ಆರು ವರ್ಷದ ಹುಡುಗ. ಶಾಲೆಯ ಕಾಂಕ್ರೀಟ್ ಗೋಡೆ ಅಡ್ಡವಾದ್ದರಿಂದ ಜೀವ ಉಳಿಯಿತು. ತಂದೆ, ಅಕ್ಕ, ತಮ್ಮ ತೀರಿಕೊಂಡರು. ತಾಯಿ ಅದೇ ದಿನ ಹೆಣ್ಣು ಮಗುವೊಂದನ್ನು ಹೆತ್ತರು. ಕೆಲವೇ ತಿಂಗಳಲ್ಲಿ ಅದೂ ಇಲ್ಲವಾಯಿತು. ಮುಂದೆ ಟೋಕಿಯೋ ಸೇರಿ ಚಿತ್ರಕಥೆಗಾರರಾದ ನಕಜಾವಾ ಬಹಳ ಕಾಲ ಬಾಂಬಿನ ಸುದ್ದಿಯನ್ನೇ ಎತ್ತಲಿಲ್ಲ. 1966ರಲ್ಲಿ ತಾಯಿ ತೀರಿಕೊಂಡರು. ದಹನದ ನಂತರ ಮನೆಯವರು ಎಲುಬುಗಳನ್ನು ಆರಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಆರಿಸಲು ಎಲುಬೇ ಉಳಿದಿರಲಿಲ್ಲ, ಬರೀ ಬೂದಿ. ತಾಯಿಯ ಎಲುಬನ್ನೂ ಬಾಂಬು ಕಸಿಯಿತೇ ಎಂಬ ಸಿಟ್ಟಿನಿಂದ ಅವರ ಹಿರೋಶಿಮಾ ಕಥೆಗಳು ಹುಟ್ಟಿದವು. ‘ಗೆನ್’ 1973ರಲ್ಲಿ ‘ಶೋನೆನ್ ಜಂಪ್’ ಎಂಬ ಹುಡುಗರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಗಿ, ಕೊನೆಗೆ ಹತ್ತು ಸಂಪುಟಗಳಷ್ಟು ಬೆಳೆಯಿತು. ಹಿಂದಿಗೂ ಅರಬಿಗೂ ಬಂದಿದೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮೊದಲ ಸಂಪುಟದ ಕೊನೆಯ ಪುಟಗಳು. ಕುಸಿದ ಮನೆಯ ತೊಲೆಗಳಡಿ ತಂದೆ, ಅಕ್ಕ, ತಮ್ಮ ಸಿಕ್ಕಿಬಿದ್ದಿದ್ದಾರೆ. ಬೆಂಕಿ ಹತ್ತಿರವಾಗುತ್ತಿದೆ. ಗೆನ್ ತನ್ನ ಪುಟ್ಟ ಕೈಗಳಿಂದ ತೊಲೆ ಎತ್ತಲು ನೋಡುತ್ತಾನೆ, ಆಗುವುದಿಲ್ಲ. ನಿಜ ಜೀವನದಲ್ಲಿ ನಕಜಾವಾ ಅಲ್ಲಿರಲಿಲ್ಲ. ಆ ಸಾವುಗಳನ್ನು ಕಂಡದ್ದು ತಾಯಿ. ಮಗನಿಗೆ ಹೇಳಿದ್ದೂ ಅವರೇ. ತಾಯಿಯ ಬಾಯಿಂದ ಕೇಳಿದ್ದನ್ನು ಲೇಖಕ ಹುಡುಗನ ಕಣ್ಣಿಗೆ ಕಟ್ಟಿದ್ದಾರೆ. ಇದನ್ನು ಸುಳ್ಳು ಎನ್ನುವವರಿರಬಹುದು. ನಮಗೆ ಹಾಗನ್ನಿಸುವುದಿಲ್ಲ. ತಾಯಿ ಆ ಕೂಗನ್ನು ಬದುಕಿರುವವರೆಗೂ ಒಬ್ಬರೇ ಕೇಳುತ್ತಾ ಇದ್ದರು. ಮಗ ಕಥೆಯೊಳಗೆ ಹೋಗಿ ಅವರ ಪಕ್ಕ ನಿಂತುಕೊಂಡ.

ಇಷ್ಟು ಘೋರವಾದುದನ್ನು ಹೇಳುವ ರೀತಿ ಮಾತ್ರ ಹುಡುಗರ ಪತ್ರಿಕೆಯದ್ದೇ. ಗೆನ್ ಹಾಡುತ್ತಾನೆ, ಕುಣಿಯುತ್ತಾನೆ, ತಮ್ಮನೊಂದಿಗೆ ಒಂದು ಗೆಣಸಿಗಾಗಿ ಗುದ್ದಾಡುತ್ತಾನೆ. ಗೆರೆಗಳು ಒರಟು, ಮುಖಭಾವಗಳು ಅತಿ. ಬಾಲ್ಯದಲ್ಲಿ ಒಸಾಮು ತೆಜುಕಾ ಅವರ ‘ಹೊಸ ನಿಧಿ ದ್ವೀಪ’ ಓದಿ ಮರುಳಾಗಿ ಚಿತ್ರಕಥೆಯ ದಾರಿ ಹಿಡಿದವರು ನಕಜಾವಾ. ಸಿನಿಮಾದಂತೆ ಚೌಕದಿಂದ ಚೌಕಕ್ಕೆ ಓಡುವ ಆ ವೇಗ ಇಲ್ಲೂ ಇದೆ. ನಕ್ಕು ಮುಗಿಸುವ ಮೊದಲೇ ಪುಟ ತಿರುಗಿ ಸುಟ್ಟ ಚರ್ಮ ಜೋತುಬಿದ್ದ ಜನ ಎದುರಾಗುತ್ತಾರೆ.

ಇದರ ಜೊತೆ ನೆನಪಾಗುವುದು ಇಸಾವೊ ತಕಹಾತಾ ಅವರ 1988ರ ಅನಿಮೆ ಚಿತ್ರ ‘ಮಿಂಚುಹುಳುಗಳ ಸಮಾಧಿ’. ಕೋಬೆ ನಗರದ ಬಾಂಬು ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡು ಹಸಿವಿನಿಂದ ಸಾಯುವ ಅಣ್ಣ ತಂಗಿಯ ಕಥೆ. ಚಿತ್ರವಾಗಿ ಅದು ‘ಗೆನ್’ಗಿಂತ ಎಷ್ಟೋ ಸುಂದರ, ಕಣ್ಣೀರು ತಡೆಯುವುದು ಕಷ್ಟ. ಆದರೆ ಆ ಮಕ್ಕಳ ತಂದೆ ನೌಕಾಪಡೆಯ ಅಧಿಕಾರಿ. ಅವನ ಹಡಗು ಯಾರ ಊರಿಗೆ, ಯಾತಕ್ಕೆ ಹೋಗಿತ್ತು? ಚಿತ್ರ ಕೇಳುವುದಿಲ್ಲ. ‘ಗೆನ್’ ಕೇಳುತ್ತದೆ. ಗೆನ್‌ನ ತಂದೆ ಮರದ ಪಾದರಕ್ಷೆಗಳಿಗೆ ಬಣ್ಣ ಹಾಕುವ ಬಡವ. ಯುದ್ಧ ತಪ್ಪೆಂದು ಹೇಳಿದ್ದಕ್ಕೆ ಜೈಲಿಗೆ ಹೋಗುತ್ತಾನೆ, ನೆರೆಹೊರೆಯವರಿಂದ ದೇಶದ್ರೋಹಿ ಎನಿಸಿಕೊಳ್ಳುತ್ತಾನೆ. ಆ ಕುಟುಂಬಕ್ಕೆ ಆಸರೆಯಾಗುವವರು ಪಕ್ಕದ ಮನೆಯ ಕೊರಿಯಾದ ಪಾಕ್. ಬಾಂಬು ಬಿದ್ದ ಮೇಲೂ ಕೊರಿಯದವರು ಎಂಬ ಕಾರಣಕ್ಕೆ ಪಾಕ್‌ರ ತಂದೆಗೆ ಚಿಕಿತ್ಸೆ ಸಿಗುವುದಿಲ್ಲ. ಅಮೆರಿಕದ ಮೇಲಿನ ಸಿಟ್ಟು ಎಷ್ಟಿದೆಯೋ, ತನ್ನದೇ ಚಕ್ರವರ್ತಿಯ ಮೇಲೂ ಸೇನೆಯ ಮೇಲೂ ಅಷ್ಟೇ ಇದೆ. ಬಲಿಯಾದವರು ಹೀಗೆ ತಮ್ಮವರ ತಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಾವು ಹೆಚ್ಚಾಗಿ ಕಂಡಿಲ್ಲ, ನಮ್ಮ ನಡುವೆಯೂ.

ಕೊರತೆಗಳಿಲ್ಲವೆಂದಲ್ಲ. ‘ಜಂಪ್’ ಬಿಟ್ಟು ಕಥೆ ಎಡಪಂಥದ ಮತ್ತು ಶಿಕ್ಷಕರ ಸಂಘದ ಪತ್ರಿಕೆಗಳಿಗೆ ಹೋದ ನಂತರ ಪಾತ್ರಗಳು ಭಾಷಣಕ್ಕೆ ನಿಲ್ಲುತ್ತವೆ. ಹದಿಹರೆಯದ ಗೆನ್ ಒಮ್ಮೊಮ್ಮೆ ಹುಡುಗನಾಗಿರದೆ ಸಂಪಾದಕೀಯವಾಗಿಬಿಡುತ್ತಾನೆ. ಆದರೆ ಏಷ್ಯಾದ ಜನರ ಮೇಲೆ ಜಪಾನ್ ಸೇನೆ ನಡೆಸಿದ ಕ್ರೌರ್ಯದ ಚಿತ್ರಗಳಿರುವುದೂ ಆ ಕೊನೆಯ ಸಂಪುಟಗಳಲ್ಲೇ. ಅವನ್ನು ಮುಂದೆ ಮಾಡಿ 2012ರ ಡಿಸೆಂಬರ್‌ನಲ್ಲಿ ಮಾತ್ಸುಯೆ ನಗರದ ಶಿಕ್ಷಣ ಮಂಡಳಿ, ಶಾಲಾ ಗ್ರಂಥಾಲಯಗಳಲ್ಲಿ ಈ ಪುಸ್ತಕವನ್ನು ಮಕ್ಕಳ ಕೈಗೆ ಸಿಗದಂತೆ ಒಳಗಿಡಲು ಹೇಳಿತು. ನಕಜಾವಾ ತೀರಿಕೊಂಡದ್ದೂ ಅದೇ ತಿಂಗಳು. ಸುದ್ದಿ ಹೊರಬಿದ್ದು ಗದ್ದಲವಾಗಿ 2013ರ ಆಗಸ್ಟ್‌ನಲ್ಲಿ ಆ ಸೂಚನೆ ರದ್ದಾಯಿತು.

2023ರಲ್ಲಿ ಹಿರೋಶಿಮಾ ನಗರವೇ ತನ್ನ ಶಾಂತಿ ಪಾಠದ ಪುಸ್ತಕದಿಂದ ‘ಗೆನ್’ನ ಭಾಗಗಳನ್ನು ತೆಗೆಯಿತು. ತೆಗೆದ ಭಾಗಗಳಲ್ಲಿ ಸೈನಿಕರಿಲ್ಲ, ಚಕ್ರವರ್ತಿಯೂ ಇಲ್ಲ. ಬಸುರಿ ತಾಯಿಗೆ ತಿನ್ನಿಸಲು ಗೆನ್ ಕೊಳದ ಮೀನು ಕದಿಯುತ್ತಾನೆ. ಬೀದಿಯಲ್ಲಿ ಹಳೆಯ ಲಾವಣಿ ಹಾಡಿ ಕಾಸು ಸಂಪಾದಿಸುತ್ತಾನೆ. ಇವು ಇಂದಿನ ಮಕ್ಕಳಿಗೆ ಅರ್ಥವಾಗವು, ಕಳವು ತಪ್ಪು ತಿಳಿವಳಿಕೆ ಕೊಟ್ಟೀತು ಎಂಬ ಕಾರಣ ಬಂತು. ಮಾತ್ಸುಯೆಯ ನಿಷೇಧಕ್ಕಿಂತ ಇದೇ ನಮಗೆ ಹೆಚ್ಚು ಚಿಂತೆ ತಂದಿತು. ಅಲ್ಲಿ ಪುಸ್ತಕದ ಭಯವಾದರೂ ಇತ್ತು.

ಓದಬಯಸುವವರು ಮೊದಲ ಸಂಪುಟದಿಂದಲೇ ತೊಡಗಲಿ. 1983ರ ಅನಿಮೆ ಚಿತ್ರ ಅದರ ಬದಲಿಯಲ್ಲ. ಮನೆಯ ಚಿಕ್ಕ ಮಕ್ಕಳ ಕೈಗೆ ಕೊಡುವ ಮುನ್ನ ದೊಡ್ಡವರು ಓದಿರಬೇಕು. ಅವರು ಕೇಳುವ ಪ್ರಶ್ನೆಗಳು ಸುಲಭದವಾಗಿರುವುದಿಲ್ಲ.