ಜೋಳದ ಪಾಳಿ, ಋಣ ಮತ್ತು ಹೆಸರಿಲ್ಲದ ಯೋಧ: ಕನ್ನಡ ಭಾರತಕಥೆಗಳ ಒಂದು ಪರಿಶೀಲನೆ

ಕನ್ನಡದ ಭಾರತಕಥೆಗಳಲ್ಲಿ ಯೋಧನ ಕಲ್ಪನೆಯು ವೀರದಿಂದ ಭಕ್ತಿಗೆ, ಭಕ್ತಿಯಿಂದ ವೈಚಾರಿಕತೆಗೆ ಸಾಗಿತೆಂದು ವಿವರಿಸುವುದು ಸುಲಭ. ಈ ವಿವರಣೆ ಸುಳ್ಳಲ್ಲ, ಆದರೆ ಅಪೂರ್ಣ. ಒಂದು ತಲೆಮಾರಿನ ಕಾವ್ಯಯೋಧನು ಹಿಂದಿನವನಿಂದ ಪಡೆದ ನುಡಿ ಯಾವುದು, ಅದರ ಅರ್ಥ ಅವನ ಬಾಯಲ್ಲಿ ಹೇಗೆ ಬದಲಾಯಿತು ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ಪಂಪ, ಕುಮಾರವ್ಯಾಸ ಹಾಗೂ ಎಸ್. ಎಲ್. ಭೈರಪ್ಪ ಅವರ ಕೃತಿಗಳನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಜೋಳದ ಪಾಳಿ’ ಎಂಬುದು ಹಳಗನ್ನಡದ ಯೋಧಸಂಸ್ಕೃತಿಯ ಮುಖ್ಯ ನುಡಿಗಟ್ಟು. ಉಂಡ ಜೋಳಕ್ಕೆ ಪ್ರತಿಯಾಗಿ ಒಡೆಯನಿಗಾಗಿ ಕಾದುವ ಕರ್ತವ್ಯವೆಂಬುದು ಇದರ ಅರ್ಥ. ಕವಿಯೂ ಕಲಿಯೂ ಆಗಿದ್ದ ಪಂಪನು 941ರ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಈ ಮಾತನ್ನು ತನ್ನ ಬಗೆಗೇ ಬಳಸುತ್ತಾನೆ. ಆತನ ಕರ್ಣನು ಕುಂತಿಗೆ ಕೊಡುವ ಉತ್ತರದಲ್ಲಿಯೂ ಪಾಳಿಯನ್ನು ಬಿಡಲಾಗದೆಂಬ ನಿಲುವೇ ಪ್ರಧಾನವಾದುದು. ಹೀಗೆ ಕವಿ ಹಾಗೂ ಪಾತ್ರ ಒಂದೇ ನುಡಿಯನ್ನು ಹಂಚಿಕೊಳ್ಳುತ್ತಾರೆ. ಈ ನುಡಿ ಕೇವಲ ಕಾವ್ಯದ್ದಲ್ಲ. ಒಡೆಯನೊಡನೆ ಪ್ರಾಣ ಬಿಡುವ ವೇಳೆವಾಳಿ, ಲೆಂಕವಾಳಿಗಳ ಪರಂಪರೆಯನ್ನು ಶಾಸನಗಳು ದಾಖಲಿಸಿವೆ. ಹಳೇಬೀಡಿನಲ್ಲಿರುವ ಕುವರಲಕ್ಷ್ಮನ ಗರುಡಸ್ತಂಭ ಇದಕ್ಕೆ ಪ್ರಸಿದ್ಧ ಸಾಕ್ಷಿ.

ಕುಮಾರವ್ಯಾಸನ ಕಾಲಕ್ಕೆ ಹೊತ್ತಿಗೆ ‘ಋಣ’ ಎಂಬ ಶಬ್ದ ಮುನ್ನೆಲೆಗೆ ಬರುತ್ತದೆ. ಪಾಳಿ ಎಂಬುದು ಸರದಿ ಮತ್ತು ಕ್ರಮವನ್ನು ಸೂಚಿಸುವ ಸಾಮುದಾಯಿಕ ಕಟ್ಟಳೆ. ಋಣವಾದರೋ ಜನ್ಮಾಂತರಕ್ಕೂ ಚಾಚುವ ವೈಯಕ್ತಿಕ ಬಂಧ. ಕುಮಾರವ್ಯಾಸನು ರಾಜಾಶ್ರಯದ ಕವಿಯಲ್ಲ, ಗದುಗಿನ ವೀರನಾರಾಯಣನ ಅಂಕಿತದಲ್ಲಿ ಬರೆದವನು ಎಂಬುದನ್ನು ಇಲ್ಲಿ ನೆನೆಯಬೇಕು. ಆತನ ಕರ್ಣನು ಕೃಷ್ಣನಿಗೆ ಹೇಳುವುದರ ಸಾರ ಇಷ್ಟು: ಅಸಂಖ್ಯ ಯೋಧರನ್ನು ಕೊಂದು ಕೌರವನ ಋಣ ತೀರಿಸುವೆನು, ಆದರೆ ಪಾಂಡವರೈವರನ್ನು ನೋಯಿಸೆನು. ಈ ಮಾತಿನ ಔದಾರ್ಯವನ್ನು ವಿಮರ್ಶೆ ಧಾರಾಳವಾಗಿ ಮೆಚ್ಚಿದೆ. ಆದರೆ ಋಣ ಕರ್ಣನದು, ಅದನ್ನು ಸಲ್ಲಿಸುವ ನಾಣ್ಯ ಮಾತ್ರ ಹೆಸರಿಲ್ಲದ ಕಾಲಾಳುಗಳ ಪ್ರಾಣ ಎಂಬುದು ಗಮನಕ್ಕೆ ಬಂದಿರುವುದು ವಿರಳ.

ಈ ಹೆಸರಿಲ್ಲದವರು ಬಾಯಿ ತೆರೆಯುವುದು 1979ರಲ್ಲಿ ಪ್ರಕಟವಾದ ‘ಪರ್ವ’ದಲ್ಲಿ. ಹಸಿವು, ರೋಗ, ಹೆಣಗಳ ದುರ್ವಾಸನೆಗಳ ನಡುವೆ ಸಾಮಾನ್ಯ ಸೈನಿಕರು ತಾವು ಯಾರಿಗಾಗಿ ಕಾದುತ್ತಿದ್ದೇವೆಂದು ಕೇಳಿಕೊಳ್ಳುತ್ತಾರೆ. ಉಂಡದ್ದೇ ಇಲ್ಲದಿರುವಾಗ ಋಣವೆಲ್ಲಿಯದು? ಕಾದಂಬರಿಯ ಆರಂಭವೂ ಅರ್ಥಪೂರ್ಣವಾಗಿದೆ. ಮದ್ರದ ಮುದಿ ದೊರೆ ಶಲ್ಯನಿಗೆ ಕನ್ಯಾಶುಲ್ಕವೇ ಕುಲದ ರೂಢಿ. ಮಗ ರುಕ್ಮರಥನಿಗೆ ಸ್ವಯಂವರವೇ ಕ್ಷತ್ರಿಯರ ನಡುವೆ ಗೌರವ ತರುವ ಕ್ರಮ. ಪರಂಪರೆ ತಂದೆಯಿಂದ ಮಗನಿಗೆ ಯಥಾವತ್ತಾಗಿ ಸಾಗುವುದಿಲ್ಲ, ನೆರೆಯವರ ಮೆಚ್ಚುಗೆಯ ಆಸೆಯಿಂದ ರೂಪಾಂತರ ಹೊಂದುತ್ತದೆ ಎಂಬುದನ್ನು ಯುದ್ಧಕ್ಕೆ ಮೊದಲೇ ಭೈರಪ್ಪನವರು ಸ್ಥಾಪಿಸುತ್ತಾರೆ.

ಆದ್ದರಿಂದ ಈ ಬದಲಾವಣೆಯನ್ನು ವೀರದ ಅವನತಿಯೆಂದಾಗಲಿ ವಿಚಾರದ ವಿಜಯವೆಂದಾಗಲಿ ಕರೆಯಲಾಗದು. ಅನ್ನ ಮತ್ತು ಪ್ರಾಣಗಳ ನಡುವಣ ಸಂಬಂಧವೆಂಬ ಮೂಲಸಮಸ್ಯೆ ಮೂರು ಕೃತಿಗಳಲ್ಲಿಯೂ ಒಂದೇ. ಪಂಪನಲ್ಲಿ ಅದು ಕಟ್ಟಳೆ, ಕುಮಾರವ್ಯಾಸನಲ್ಲಿ ಬಂಧ, ಭೈರಪ್ಪನವರಲ್ಲಿ ಪ್ರಶ್ನೆ. ಕಾವ್ಯಗಳು ಗುಂಪಾಗಿ ಕಂಡ ಇಂಥ ಯೋಧರಲ್ಲಿ ಎಷ್ಟೋ ಮಂದಿಯ ಹೆಸರನ್ನು ನಮ್ಮ ವೀರಗಲ್ಲುಗಳು ಉಳಿಸಿಕೊಂಡಿವೆ. ಕಾವ್ಯವಿಮರ್ಶೆ ಹಾಗೂ ಶಾಸನಾಧ್ಯಯನಗಳು ಪ್ರತ್ಯೇಕವಾಗಿ ಸಾಗುವವರೆಗೆ ಆ ಯೋಧರ ಪಾಲಿನ ಋಣ ನಮ್ಮ ಮೇಲೆ ಉಳಿದೇ ಇರುತ್ತದೆ.