ತೊಂಬತ್ತೇಳರ ಆಚೆ

ವೇದಗಣಿತದ ಬೇಸಿಗೆ ಶಿಬಿರ ಮುಗಿಸಿ ಬಂದ ಅಕ್ಕನ ಮಗಳು 97ನ್ನು 96ರಿಂದ ಗುಣಿಸಿ ತೋರಿಸಿದಳು. ನೂರಕ್ಕೆ ಒಂದು 3 ಕಡಿಮೆ, ಇನ್ನೊಂದು 4 ಕಡಿಮೆ. 97ರಲ್ಲಿ 4 ಕಳೆದರೆ 93, ಮೂರು ನಾಲ್ಕಲೆ 12, ಪಕ್ಕಪಕ್ಕ ಬರೆದರೆ 9312. ಆ 12 ಎಲ್ಲಿಂದ ಬಂತು ಎಂದು ಕೇಳಿದೆ. “ಅದು ನಿಖಿಲಂ ಸೂತ್ರ, ಮಾಮ” ಎಂದಳು.

ಪುರಿ ಗೋವರ್ಧನ ಪೀಠದ ಭಾರತೀ ಕೃಷ್ಣ ತೀರ್ಥರ ‘ವೇದಿಕ್ ಮ್ಯಾಥಮ್ಯಾಟಿಕ್ಸ್’ ಅಚ್ಚಾದದ್ದು 1965ರಲ್ಲಿ, ಅವರು ತೀರಿಕೊಂಡ ಐದು ವರ್ಷದ ಮೇಲೆ. ನಿಖಿಲಂ ಸೇರಿದಂತೆ ಅದರ 16 ಸೂತ್ರಗಳು ಮಕ್ಕಳ ಗಣಿತಭಯಕ್ಕೆ ಮದ್ದು ಎಂಬ ಹೆಸರು ಊರೂರಲ್ಲಿದೆ. ಶಿಬಿರಗಳಲ್ಲಿ ಕಲಿಸುವ ರೀತಿಗೆ ಆ ಹೆಸರು ಸಲ್ಲದು.

ನಿಖಿಲಂ ಒಳಗೆ ಇರುವುದು ಇಷ್ಟು. 96 ಸಲದ ಬದಲು 97ನ್ನು ನೂರು ಸಲ ತೆಗೆದುಕೊಂಡೆವು, 9700. ನಾಲ್ಕು ಸಲ ಹೆಚ್ಚಾಯಿತು, ವಾಪಸು ಕೊಡಬೇಕು. ನಾಲ್ಕು 97 ಕೊಡುವ ಬದಲು ನಾಲ್ಕು ನೂರು ಕೊಟ್ಟೆವು, ಉಳಿದದ್ದು 9300. ಪ್ರತಿ ನೂರಿಗೂ 3 ಜಾಸ್ತಿ ಕೊಟ್ಟಿದ್ದೇವಲ್ಲ, ಆ 12 ನಮಗೆ ಮರಳಬೇಕು. ಅಂಗಡಿಗೆ ಹೋಗಿ ಚಿಲ್ಲರೆ ತಂದ ಮಗುವಿಗೆ ಇದು ತಿಳಿಯದೆ ಇರುವುದಿಲ್ಲ. ಪುಸ್ತಕ ಕೂಡ ಇದರ ಬೀಜಗಣಿತವನ್ನು ಕೊಟ್ಟಿದೆ. ಶಿಬಿರದವರು ಕಿತ್ತುಹಾಕಿರುವುದು ಅದನ್ನೇ.

47ನ್ನು 38ರಿಂದ ಗುಣಿಸು ಎಂದೆ. ಕೊರತೆ 53 ಮತ್ತು 62. ಈಗ 53ನ್ನು 62ರಿಂದ ಗುಣಿಸಬೇಕು, ಮೊದಲಿನ ಲೆಕ್ಕವೇ ವಾಸಿ! 47ರಲ್ಲಿ 62 ಕಳೆಯುವುದು ಬೇರೆ. ನೂರರ ಬದಲು 50 ಹಿಡಿಯುವ ದಾರಿ ಪುಸ್ತಕದಲ್ಲಿದೆ ನಿಜ. ಆದರೆ 50 ಯಾವಾಗ, ಯಾಕೆ ಎಂದು ಹೊಳೆಯಬೇಕಾದರೆ ಆ 12ರ ಗುಟ್ಟು ತಿಳಿದಿರಬೇಕು.

ನಮ್ಮ ವಿಚಾರವಾದಿ ವಿಮರ್ಶಕರ ಮೇಲೂ ನನಗೆ ಸಿಟ್ಟಿದೆ. ಅವರ ಶಕ್ತಿಯೆಲ್ಲ ಸೂತ್ರಗಳು ವೇದದಲ್ಲಿಲ್ಲ ಎಂದು ಸಾಧಿಸುವುದರಲ್ಲೇ ಕಳೆಯುತ್ತದೆ. ಅಥರ್ವವೇದದ ಗೊತ್ತಿರುವ ಪರಿಶಿಷ್ಟಗಳಲ್ಲಿ ಇವು ಇಲ್ಲ ಎಂದು ಪುಸ್ತಕದ ಸಂಪಾದಕ ವಿ.ಎಸ್. ಅಗ್ರವಾಲರೇ ಮೊದಲ ಮುದ್ರಣದಲ್ಲಿ ಒಪ್ಪಿದ್ದರು. ಒಂದು ವೇಳೆ ಇದ್ದಿದ್ದರೂ ಈ ಹುಡುಗಿಗೆ 12 ಏನೆಂದು ತಿಳಿಯುತ್ತಿತ್ತೇ? ಈ ವಿಮರ್ಶಕರು ಎತ್ತಿಹಿಡಿಯುವ ಶಾಲೆಯ ಗಣಿತ ಮಾಡುವುದಾದರೂ ಏನು? ಭಿನ್ನರಾಶಿಯ ಭಾಗಾಕಾರಕ್ಕೆ “ತಲೆಕೆಳಗು ಮಾಡಿ ಗುಣಿಸು” ಎನ್ನುತ್ತದೆ. ಅರ್ಧ ಲೀಟರ್ ಹಾಲಿನಲ್ಲಿ ಕಾಲು ಲೀಟರಿನ ಲೋಟ ಎಷ್ಟು ತುಂಬುತ್ತದೆ ಎಂದು ಯಾರೂ ಕೇಳುವುದಿಲ್ಲ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಉರು ಹೊಡೆಸಿ ಎಸ್ಸೆಸ್ಸೆಲ್ಸಿಗೆ ಕಳಿಸುವವರಿಗೆ ಶಿಬಿರವನ್ನು ಹಂಗಿಸುವ ಹಕ್ಕಿಲ್ಲ.

ನೂರರ ಕೊಡುಕೊಳ್ಳುವಿಕೆಯನ್ನು ಹಾಳೆಯ ಮೇಲೆ ಇಬ್ಬರೂ ಬಿಡಿಸಿ ನೋಡಿದೆವು. ಅವಳು 38ರ ಕೆಳಗೆ ಗೆರೆ ಎಳೆದು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಮಾಮ, ನಲವತ್ತು ಸಲ ತಗೊಂಡು ಎರಡು ಸಲ ವಾಪಸ್ ಕೊಡ್ಲಾ?”

1880 ಬರೆದಳು. 94 ಕಳೆದಳು.